ಬಾಗಿಲ ಮೇಲಿನ ‘ಪ್ಯೂರ್’

ನಾನು ಒಂದು ತಗಡಿನ ಬೋರ್ಡು. ಗದಗಿನ ಬಸ್ ನಿಲ್ದಾಣದ ಹತ್ತಿರದ ಓಣಿಯಲ್ಲಿ ಪೇಂಟರ್ ಮರ್ದಾನಸಾಬ ನನ್ನನ್ನು ಗೋಡೆಗೆ ಒರಗಿಸಿ ಹಸಿರು ಬಣ್ಣ ಬಳಿದ. ಒಣಗಿದ ಮೇಲೆ ದೊಡ್ಡ ಬಿಳಿ ಇಂಗ್ಲಿಷ್ ಅಕ್ಷರಗಳಲ್ಲಿ ‘ಪ್ಯೂರ್ ವೆಜ್’ ಎಂದು ಬರೆದ.

“ಪ್ಯೂರ್ ಅಂದ್ರ ಏನ್ರಿ ಸಾವಕಾರ್ರ?” ಎಂದು ಕೇಳಿದ.

“ಮಡಿ ಅಂತ,” ಎಂದರು ಖಾನಾವಳಿಯ ಮಾಲಕರಾದ ಚನ್ನವೀರಯ್ಯ.

ಅಂಥ ಪದ ಹೊತ್ತ ಗರ್ವದಲ್ಲಿ ನಾನು ಬಾಗಿಲ ಮೇಲೆ ಬಿಗಿಯಾಗಿ ಕುಳಿತೆ.

ಹಿತ್ತಲಲ್ಲಿ ತಾಟು ತೊಳೆಯುವವಳು ಹುಲಿಗೆವ್ವ. ಹೊತ್ತು ಹುಟ್ಟಿದಾಗಿನಿಂದ ಆಕೆಯ ಕೈ ನೀರಲ್ಲೇ ಇರುತ್ತಿತ್ತು. ಆಕೆ ತೊಳೆದ ತಾಟಿನಲ್ಲಿ ಬಂದವರೆಲ್ಲ ಉಣ್ಣುತ್ತಿದ್ದರು. ಆಕೆಗೆ ಮಾತ್ರ ರೊಟ್ಟಿಯನ್ನು ಹಿತ್ತಲ ಬಾಗಿಲಲ್ಲಿ, ಕೈ ತಾಗದ ಹಾಗೆ ಮೇಲಿನಿಂದ ಹಾಕುತ್ತಿದ್ದರು. ಅದು ತಪ್ಪೆಂದು ನನಗೆ ಅನ್ನಿಸಿರಲೇ ಇಲ್ಲ.

ಒಂದು ಬೇಸಿಗೆಯ ಮಧ್ಯಾಹ್ನ ಆಕೆಗೆ ತಲೆಸುತ್ತು ಬಂತು. ಗೋಡೆ ಹಿಡಿದುಕೊಂಡು ಗಾಳಿಗೆಂದು ಮುಂದೆ ಬಂದವಳು ನನ್ನ ಕೆಳಗಿದ್ದ ಕುರ್ಚಿಯಲ್ಲಿ ಕುಸಿದಳು.

“ಏಳು! ಗಿರಾಕಿ ಕುಂದ್ರೋ ಜಾಗಾ ಅದು. ಬೋರ್ಡ್ ಕಾಣವಲ್ದೇನು?” ಚನ್ನವೀರಯ್ಯ ಗದರಿದರು.

ಉಣ್ಣುತ್ತಿದ್ದವರು ತಲೆ ಎತ್ತಿ ಮೊದಲು ಆಕೆಯನ್ನು, ಆಮೇಲೆ ನನ್ನನ್ನು ನೋಡಿದರು. ತಗಡಿಗೂ ಮೈ ಸುಡುತ್ತದೆ ಎಂದು ನನಗೆ ಅಂದೇ ತಿಳಿದದ್ದು.

ದುಡ್ಡಿನ ಗಲ್ಲೆಯ ಮೇಲೆ ಚನ್ನವೀರಯ್ಯನವರ ಮಗಳು ಗಿರಿಜಾ ಇದ್ದಳು. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಳು, ರಜೆಗೆ ಬಂದಿದ್ದಳು.

“ಅಪ್ಪಾ, ಆ ಪ್ಯೂರ್ ಅನ್ನೋದು ಲ್ಯಾಟಿನ್ನಿಂದ ಬಂದ ಶಬ್ದ. ಅದರ ಬೇರು, ನಮ್ಮ ಪಾವನ, ಪವಿತ್ರದ ಬೇರು ಒಂದೇ ಅಂತಾರ. ಅದಕ್ಕ ಹಸನ ಮಾಡೋದು ಅಂತ ಅರ್ಥ. ಮಾಡೋ ಕೆಲಸದ ಹೆಸರದು, ಹುಟ್ಟಿದ ಮನಿದಲ್ಲ.”

“ನಿನ್ನ ಕಾಲೇಜು ಅಲ್ಲೇ ಇಟಗೊ!”

ಹುಲಿಗೆವ್ವ ನಿಧಾನವಾಗಿ ಎದ್ದಳು. “ಯವ್ವಾ, ಇಷ್ಟ ವರ್ಷ ಹಸನ ಮಾಡಿದಾಕಿ ನಾನ,” ಎಂದು ಗಿರಿಜಾಳಿಗೆ ಹೇಳಿ, ಕೈ ಸೆರಗಿಗೆ ಒರೆಸಿಕೊಂಡು ಮುಂಬಾಗಿಲಿನಿಂದಲೇ ಹೊರಟುಹೋದಳು. ಮರುದಿನ ಬರಲಿಲ್ಲ, ಆಮೇಲೂ ಬರಲಿಲ್ಲ.

ಗಿರಿಜಾ ತಾನೇ ತಾಟು ತೊಳೆಯಲು ಕೂತಳು. ಮಗಳ ಕೈ ಬೊಬ್ಬೆ ಎದ್ದದ್ದು ನೋಡಿ ಚನ್ನವೀರಯ್ಯ ಹುಲಿಗೆವ್ವಳನ್ನು ಕರೆತರಲು ಆಕೆಯ ಮನೆಗೆ ಹೋದರು. ತಿರುಗಿ ಬಂದಾಗ ಮುಖ ಇಳಿದಿತ್ತು.

“ಏನಂದ್ಳಪ್ಪಾ?”

“ಕುರ್ಚಿ ಹಾಕಿದ್ಳು. ಕುಂದ್ರ್ರಿ ಅಂದ್ಳು. ನೀರು ಕೊಟ್ಳು.” ಅವರು ನನ್ನ ಕೆಳಗೇ ನಿಂತಿದ್ದರು. “ಕೈಯಾಗ ಹಿಡಕೊಂಡೆ. ಬಾಯಿಗೆ ಹೋಗಲಿಲ್ಲ, ಗಿರಿಜಾ. ಆಕಿ ಸುಮ್ಮನ ನೋಡಿದ್ಳು. ತಂಬಿಗಿ ತಿರುಗಿ ಇಸಕೊಂಡ್ಳು. ಹೋಗಿ ಬರ್ರಿ ಅಂದ್ಳು.”

ಗಿರಿಜಾ ಹಿತ್ತಲಿಗೆ ಹೋಗಿ ನಳ ತಿರುವಿದಳು.

ಸ್ವಲ್ಪ ಹೊತ್ತಿಗೆ ಚನ್ನವೀರಯ್ಯ ಸ್ಟೂಲು ಹಾಕಿಕೊಂಡು ನನ್ನನ್ನು ತಾವೇ ಕೆಳಗಿಳಿಸಿದರು. ಹಿತ್ತಲಿಗೆ ಒಯ್ಯುವಾಗ ಮಗಳ ಮುಖ ನೋಡಲಾಗದೆ ಅವರ ಕಣ್ಣು ನೆಲದ ಮೇಲೇ ಇತ್ತು.

ಈಗ ನಾನು ಹಿತ್ತಲ ಸೌದೆಯ ಹಿಂದೆ ಗೋಡೆಗೆ ಮುಖ ಮಾಡಿ ನಿಂತಿದ್ದೇನೆ. ತುಕ್ಕು ಹಿಡಿದು ಅಕ್ಷರಗಳು ಉದುರುತ್ತಿವೆ. ರಜೆ ಮುಗಿದು ಗಿರಿಜಾ ಹೋದಳು; ಹತ್ತಿರದಲ್ಲೇ ಚನ್ನವೀರಯ್ಯ ತಾವೇ ತಾಟು ತೊಳೆಯುವ ಸದ್ದು ಕೇಳುತ್ತದೆ. ಇನ್ನೂ ರೂಢಿಯಾಗಿಲ್ಲ, ಆಗಾಗ ಒಂದು ತಾಟು ಕೈಜಾರಿ ಬೀಳುತ್ತದೆ. ಆ ಸದ್ದಿಗೆ ಪ್ರತಿ ಸಲವೂ ಹುಲಿಗೆವ್ವಳೇ ಬಂದಳೇನೋ ಎಂದು ಬೆಚ್ಚುತ್ತೇನೆ. ಬಂದರೆ ನನ್ನನ್ನು ತಿರುಗಿಸಿ ನೋಡದಿರಲಿ ಎಂದು ಬೇಡುತ್ತೇನೆ.