ಗೆರೆ ಎಳೆದ ವಾಕ್ಯ

ಈರೋ ಲಾಹ್ತಿ ಹನ್ನೊಂದು ವರ್ಷ ದಿನ ತಪ್ಪದೆ ಬ್ಲಾಗ್ ಬರೆದ. ಬೆಳಿಗ್ಗೆ ನಾಲ್ಕೈದು ಪತ್ರಿಕೆ ತಿರುವಿ ಹಾಕಿ, ಹೊಸ ಯಂತ್ರವೋ ಹಳೆಯ ರಾಜಕಾರಣಿಯೋ ಬಾಗಿಲು ಮುಚ್ಚಿದ ಚಿತ್ರಮಂದಿರವೋ, ಕಣ್ಣಿಗೆ ಬಿದ್ದದ್ದರ ಬಗ್ಗೆ ತನಗನ್ನಿಸಿದ್ದನ್ನು ಕೆಲಸಕ್ಕೆ ಹೊರಡುವ ಮುಂಚೆ ಬರೆದು ಹಾಕುತ್ತಿದ್ದ. ಓದುವವರು ಮುನ್ನೂರು ಜನ. ಅವರಲ್ಲಿ ಅರ್ಧದಷ್ಟು ಮಂದಿ ಜಗಳವಾಡುವುದಕ್ಕೇ ಬರುತ್ತಿದ್ದರು. ಪುಟದ ನೆತ್ತಿಯ ಮೇಲೆ ಒಂದೇ ನಿಯಮವಿತ್ತು: ಇಲ್ಲಿ ಏನನ್ನೂ ಅಳಿಸುವುದಿಲ್ಲ, ತಪ್ಪಿದರೆ ತಪ್ಪಿನ ಮೇಲೆ ಗೆರೆ ಎಳೆದು, ಪಕ್ಕದಲ್ಲೇ ಸರಿಯಾದದ್ದನ್ನು ಬರೆಯುತ್ತೇನೆ.

ಹೋದ ವರ್ಷ ಫೆಬ್ರವರಿಯಲ್ಲಿ ಮನೆಯ ಮುಂದಿನ ಹಿಮ ಎತ್ತುತ್ತಿದ್ದವನು ಸಲಿಕೆಗೆ ಒರಗಿದ ಹಾಗೆ ಕುಳಿತ. ಏಳಲಿಲ್ಲ. ಮೂವತ್ತೆಂಟು ವರ್ಷ. ಬ್ಲಾಗಿನ ಗುಪ್ತಪದ ಅವನ ಹೆಂಡತಿ ಬ್ರಿಟ್ಟಾಳಿಗೆ ಗೊತ್ತಿತ್ತು. ಹದಿನಾಲ್ಕು ತಿಂಗಳಲ್ಲಿ ಅವಳು ಒಮ್ಮೆಯೂ ಅದನ್ನು ತೆರೆಯಲಿಲ್ಲ.

ಏಪ್ರಿಲ್‌ನ ಒಂದು ಶನಿವಾರ ಹತ್ತು ಗಂಟೆಯ ಹೊತ್ತಿಗೆ ವರ್ನಾ ಸೋಬ್ಚಾಕ್ ಬಾಗಿಲು ತಟ್ಟಿದಳು. ಅರವತ್ತರ ಸಮೀಪದ ಹೆಂಗಸು, ಕೈಯಲ್ಲಿ ನಿಂಬೆಹಣ್ಣಿನ ಸಿಹಿ ತುಂಬಿದ ತಟ್ಟೆ. ತಟ್ಟೆಯ ತಳಕ್ಕೆ ಅಂಟಿಸಿದ್ದ ಚೀಟಿಯಲ್ಲಿ ಅವಳ ಹೆಸರಿತ್ತು. ಸುಪೀರಿಯರ್ ಸರೋವರದ ದಡದ ಈ ಊರಲ್ಲಿ ಸಾವಿನ ಮನೆಗೆ ಬರುವ ಪಾತ್ರೆಗಳೆಲ್ಲ ಹಾಗೆಯೇ ಬರುತ್ತವೆ, ಹಿಂದಿರುಗಿಸಲು ಸುಲಭವಾಗಲಿ ಎಂದು.

"ತಡವಾಯ್ತು, ಗೊತ್ತು," ಅಂದಳು ವರ್ನಾ. "ಅವನು ಹೋದಾಗ್ಲೇ ಬರ್ಬೇಕಿತ್ತು. ಆದ್ರೆ ಅವನ ಮೇಲೆ ನಂಗೆ ಸ್ವಲ್ಪ ಸಿಟ್ಟಿತ್ತಮ್ಮ. ಸತ್ತವರ ಮೇಲೆ ಸಿಟ್ಟಿಟ್ಕೊಂಡು ಸಿಹಿ ಮಾಡಕ್ಕಾಗುತ್ತಾ?"

"ಈಗ ಸಿಟ್ಟು ಹೋಯ್ತಾ?"

"ಇಲ್ಲ. ಸಿಹಿ ಮಾತ್ರ ಮಾಡ್ದೆ."

ಬ್ರಿಟ್ಟಾ ಕಾಫಿ ಬಗ್ಗಿಸಿದಳು. ವರ್ನಾ ಫೋನು ತೆಗೆದು, ಅದರೊಳಗಿನ ಎಐಗೆ ತನ್ನದೇ ಹೆಸರು ಹೇಳಿ, ಈಕೆ ಯಾರು ಎಂದು ಕೇಳಿದಳು. ಮೃದುವಾದ ಗಂಡುದನಿ ಓದಿತು: "ವರ್ನಾ ಸೋಬ್ಚಾಕ್ ಸಾರ್ವಜನಿಕ ಗ್ರಂಥಾಲಯದಿಂದ ನಲವತ್ತೊಂದು ಪುಸ್ತಕಗಳನ್ನು ಹೊರಹಾಕಿಸಿದ ಪಟ್ಟಿಯನ್ನು ಸಿದ್ಧಪಡಿಸಿದವರು. ಅಂಕಣಕಾರ ಈರೋ ಲಾಹ್ತಿ ಬರೆದಂತೆ, ಓದಲು ಬಾರದವರ ಕೈಗೆ ಕತ್ತರಿ ಕೊಟ್ಟರೆ ಅವರು ಮೊದಲು ಕತ್ತರಿಸುವುದು ಪುಸ್ತಕವನ್ನೇ. ಆಕೆ ಕೇವಲ ಗುಮಾಸ್ತೆಯಾಗಿದ್ದರು ಎಂಬ ವಾದವೂ ಇದೆ."

ಬ್ರಿಟ್ಟಾಳಿಗೆ ಗುರುತು ಸಿಕ್ಕಿತು. ಕತ್ತರಿಯ ಮಾತು ಈರೋನದೇ. ಅದನ್ನು ಬರೆದ ಬೆಳಿಗ್ಗೆ ಅವನು ಗಟ್ಟಿಯಾಗಿ ಓದಿ ತಾನೇ ನಕ್ಕಿದ್ದ. ಆರು ವರ್ಷದ ಹಿಂದಿನ ಮಾತು. ಪಟ್ಟಿಯ ಕಾಗದದ ಕೊನೆಯಲ್ಲಿ ವರ್ನಾಳ ಸಹಿ ನೋಡಿ, ಪಟ್ಟಿ ಮಾಡಿದವಳೂ ಅವಳೇ ಅಂದುಕೊಂಡಿದ್ದ. ಅವಳು ನಗರಸಭೆಯ ಗುಮಾಸ್ತೆ. ಸಭೆಯಿಂದ ಹೊರಡುವ ಕಾಗದಕ್ಕೆಲ್ಲ ದೃಢೀಕರಣದ ಸಹಿ ಹಾಕುವುದು ಅವಳ ಕೆಲಸ. ಮೂರು ಗಂಟೆಯೊಳಗೆ ತಪ್ಪು ತಿಳಿದು ಈರೋ ವಾಕ್ಯದ ಮೇಲೆ ಗೆರೆ ಎಳೆದಿದ್ದ. ಪಕ್ಕದಲ್ಲಿ, ತಪ್ಪು ನನ್ನದು, ಆಕೆ ಬರಿಯ ಗುಮಾಸ್ತೆ, ಕ್ಷಮೆ ಇರಲಿ, ಎಂದು ಬರೆದಿದ್ದ.

"ಅವನು ಗೆರೆ ಎಳ್ದಿದ್ನಲ್ಲ," ಅಂದಳು ಬ್ರಿಟ್ಟಾ.

"ಎಳ್ದಿದ್ದ. ನಾನೇ ನೋಡಿದೀನಿ. ಮನುಷ್ಯರು ಓದೋ ಕಾಲದಲ್ಲಿ ಅದು ಸಾಕಿತ್ತು. ಇದಕ್ಕೆ ಅಕ್ಷರ ಕಾಣುತ್ತಂತೆ, ಗೆರೆ ಕಾಣಲ್ವಂತೆ. ನನ್ನ ಅಳಿಯ ಹೇಳ್ದ." ವರ್ನಾ ಫೋನನ್ನು ಮಗುಚಿಟ್ಟಳು. "ಕಚೇರಿಯಲ್ಲಿ ನನ್ನ ಕೆಲಸ ಹೋಗಿ ಒಂದು ವರ್ಷ ಆಯ್ತು. ಈಗ ಸ್ಕೂಲ್ ಲೈಬ್ರರಿಯಲ್ಲಿ ಸಹಾಯಕಿ ಬೇಕಂತೆ. ಪುಸ್ತಕ ಜೋಡ್ಸೋದು, ಚಿಕ್ಕ ಮಕ್ಕಳಿಗೆ ಕಥೆ ಓದೋದು. ಅಂಥ ಕೆಲಸ ನಂಗಿನ್ನೊಂದು ಸಿಗಲ್ಲ. ಶುಕ್ರವಾರ ಪ್ರಿನ್ಸಿಪಾಲರನ್ನ ನೋಡ್ಬೇಕು. ಅವರು ಮೊದಲು ಇದನ್ನೇ ಕೇಳ್ತಾರೆ, ಎಲ್ರೂ ಹಾಗೇ ಮಾಡ್ತಾರೆ. ಅಳಿಸಿಬಿಡಮ್ಮ. ಅಷ್ಟೇ ಕೇಳೋಕೆ ಬಂದೆ."

ಅವಳು ಹೋದ ಮೇಲೆ ಬ್ರಿಟ್ಟಾ ಫಾರ್ಗೊ ನಗರದ ಡ್ವೇನ್ ಹ್ರುಸ್ಕಾನಿಗೆ ಫೋನು ಮಾಡಿ ವಿಷಯ ಹೇಳಿದಳು. ಅವನೂ ಬ್ಲಾಗ್ ಬರೆಯುವವನೇ. ಹನ್ನೊಂದು ವರ್ಷ ಈರೋನನ್ನು ಮೂರ್ಖ ಎಂದು ಕರೆದು, ಅವನ ಶವಪೆಟ್ಟಿಗೆಗೆ ಹೆಗಲು ಕೊಟ್ಟವನು.

"ಬೇಡ," ಅಂದ ಡ್ವೇನ್. "ಒಂದು ಪತ್ರಿಕೆ ಗುಟ್ಟಾಗಿ ತಲೆಬರಹ ತಿದ್ದಿತು ಅಂತ ಎರಡು ವಾರ ಅದರ ಮಾನ ಕಳೆದವನು ಅವನು. ಅವನ ಮನೆಯಲ್ಲೇ ರಬ್ಬರ್ ಹಿಡಿತೀಯಾ?"

"ಒಬ್ಬ ಹೆಂಗಸಿಗೆ ಸಿಗೋ ಕೆಲಸ ಹೋಗುತ್ತೆ ಡ್ವೇನ್."

"ಹೋಗುತ್ತೆ. ಅದಕ್ಕೆ ಗೆರೆ ಕಾರಣ ಅಲ್ಲ, ನಾವ್ಯಾರೂ ಓದದೇ ಇರೋದು ಕಾರಣ."

"ಅದನ್ನ ವರ್ನಾಗೆ ನೀನೇ ಹೇಳು."

ಡ್ವೇನ್ ಮಾತು ಬದಲಿಸಿದ. "ಎಷ್ಟಿದಾವೆ ಅವನ ಗೆರೆಗಳು?" ಎಂದು ಕೇಳಿದ.

ಅವಳು ಅಂದು ಮಧ್ಯಾಹ್ನ ಕುಳಿತು ಹುಡುಕಿದಳು. ನಾನೂರಕ್ಕೂ ಮೇಲೆ. ರಸ್ತೆಯ ಕ್ಯಾಮೆರಾ ಕಂಬಗಳ ಬಗ್ಗೆ, ಚುನಾವಣೆಯ ಅಂಕಿಗಳ ಬಗ್ಗೆ, ಬದುಕಿದ್ದ ನಟನೊಬ್ಬ ಸತ್ತನೆಂದು ಬರೆದದ್ದರ ಬಗ್ಗೆ. ಒಂದೊಂದು ಗೆರೆಯ ಪಕ್ಕದಲ್ಲೂ, ತಪ್ಪು ನನ್ನದು. ಮದುವೆಯಾದ ಹೊಸದರಲ್ಲಿ ಅವಳಿಗೆ ಅವನಲ್ಲಿ ಇಷ್ಟವಾದದ್ದೇ ಅದು: ತಪ್ಪೊಪ್ಪಿಕೊಳ್ಳಲು ಅವನಿಗೆ ಇಷ್ಟೂ ಸಂಕೋಚವಿರಲಿಲ್ಲ. ಈಗ ಆ ಗೆರೆಗಳನ್ನೆಲ್ಲ ತೆಗೆದು ಓದಿದರೆ ಉಳಿಯುವವನು ನಾನೂರು ಸುಳ್ಳು ಹೇಳಿದ ಒಬ್ಬ ಗಂಡಸು.

ಬರಿಯ ವಾಕ್ಯ ತೆಗೆದರೆ ಸಾಲದು ಎನ್ನಿಸಿತು. ವರ್ನಾಳ ಹೆಸರಿದ್ದ ಆ ಬರಹವನ್ನು ಇಡಿಯಾಗಿ ಅಳಿಸಿದಳು. ಖಚಿತವೇ ಎಂದು ಯಂತ್ರ ಕೇಳಿತು. ಹೌದು ಎಂದಳು. ಮತ್ತೇನೂ ಆಗಲಿಲ್ಲ. ಅವಳಿಗೆ ಅಳು ಬರಬೇಕಿತ್ತು ಎಂದು ತೋರಿತು, ಬರಲಿಲ್ಲ. ನಿಂಬೆಯ ಸಿಹಿ ಒಂದು ತುಂಡು ತಿಂದಳು.

ಶುಕ್ರವಾರ ಕಳೆದು ಬಂದ ಸೋಮವಾರ ವರ್ನಾ ಫೋನು ಮಾಡಿದಳು.

"ಕೆಲಸ ಬೇರೆಯವರಿಗೆ ಕೊಟ್ರು."

"ಯಾಕೆ? ನಾನು ಅಳಿಸಿದ್ನಲ್ಲ."

"ಅಳಿಸಿದೀಯ ಕಣಮ್ಮ. ಆ ಪ್ರಿನ್ಸಿಪಾಲಮ್ಮ ಒಳ್ಳೆಯವಳು. ಎಐ ಹೇಳಿದ್ದನ್ನ ಹಾಗೇ ನಂಬದೆ, ಮೂಲ ಎಲ್ಲಿದೆ ನೋಡೋಣ ಅಂತ ಈರೋನ ಪುಟಕ್ಕೇ ಹೋಗಿದಾಳೆ. ಇಷ್ಟು ವರ್ಷದಲ್ಲಿ ಹೋಗಿ ನೋಡಿದವಳು ಅವಳೊಬ್ಬಳೇ ಇರ್ಬೇಕು. ಅಲ್ಲಿ ಏನೂ ಇಲ್ಲ. ಎಐ ಮಾತ್ರ ಹಳೇದನ್ನೇ ಹೇಳ್ತಿದೆ. ಮೂಲ ಬರಹವನ್ನ ಈಗ ತೆಗೆದುಹಾಕಲಾಗಿದೆ ಅಂತ ಬೇರೆ ಸೇರಿಸಿದೆ. ಯಾರೋ ಮುಚ್ಚಿಟ್ಟ ಹಾಗೆ."

ಬ್ರಿಟ್ಟಾಳಿಗೆ ಒಡನೆಯೇ ತಿಳಿಯಿತು. ಗೆರೆಯ ಪಕ್ಕದಲ್ಲಿದ್ದ ಒಂದೂವರೆ ಸಾಲು ಈ ಲೋಕದಲ್ಲಿ ವರ್ನಾಳಿಗಿದ್ದ ಒಂದೇ ಸಾಕ್ಷಿ. ತಪ್ಪಿನ ಜೊತೆಗೆ ಅದನ್ನೂ ತಾನೇ ಅಳಿಸಿದ್ದಳು.

"ಬೈಯಿರಿ ನನ್ನ," ಅಂದಳು.

"ನಾನು ಕೇಳಿದ್ದನ್ನೇ ನೀನು ಮಾಡ್ದೆ. ಬೈಯೋದಾದ್ರೆ ಇಬ್ರನ್ನೂ ಬೈಬೇಕು. ನಂಗೆ ಸುಸ್ತಾಗಿದೆ."

ಅಂದೇ ಬ್ರಿಟ್ಟಾ ಬ್ಲಾಗಿನಲ್ಲಿ ನಾಲ್ಕು ಸಾಲು ಬರೆದಳು. ಪಟ್ಟಿ ಮಾಡಿದವರು ವರ್ನಾ ಸೋಬ್ಚಾಕ್ ಅಲ್ಲ. ನನ್ನ ಗಂಡ ಅಂದೇ ತಪ್ಪೊಪ್ಪಿಕೊಂಡಿದ್ದರು. ಆ ಬರಹವನ್ನು ಅಳಿಸಿದವಳು ನಾನು, ಅವರ ಹೆಂಡತಿ. ಕೆಳಗೆ ತನ್ನ ಹೆಸರು ಹಾಕಿದಳು. ಅದನ್ನು ಪ್ರಕಟಿಸಿ ಯಂತ್ರ ಮುಚ್ಚಿದಳು. ಹೊಸ ಬರಹದ ನೆತ್ತಿಯ ಮೇಲೆ, ಹನ್ನೊಂದು ವರ್ಷದ ರೂಢಿಯಂತೆ, ಬರೆದವರು ಈರೋ ಲಾಹ್ತಿ ಎಂದು ತಾನಾಗಿ ಬಂದು ಕೂತದ್ದನ್ನು ಅವಳು ನೋಡಲಿಲ್ಲ.

ಮೇ ತಿಂಗಳ ಮೂರನೆಯ ವಾರ ಸರೋವರದ ಮೇಲಿನ ಕೊನೆಯ ಮಂಜುಗಡ್ಡೆಯೂ ಕರಗಿತ್ತು. ಖಾಲಿ ತಟ್ಟೆ ಹಿಂದಿರುಗಿಸುವುದು ಒಳ್ಳೆಯದಲ್ಲವೆಂದು ಅದರಲ್ಲಿ ಒಂದಿಷ್ಟು ಬ್ರೆಡ್ಡು ಸುತ್ತಿಟ್ಟುಕೊಂಡು ಬ್ರಿಟ್ಟಾ ವರ್ನಾಳ ಮನೆಗೆ ಹೋದಳು. ವರ್ನಾ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಳು. ಊರಾಚೆಯ ಗೋದಾಮಿನಲ್ಲಿ ಪೊಟ್ಟಣ ಕಟ್ಟುವ ಕೆಲಸಕ್ಕೆ ಸೇರಿದ್ದಳಂತೆ. ಬೆರಳ ಗಂಟುಗಳಿಗೆ ಪಟ್ಟಿ ಸುತ್ತಿಕೊಂಡಿದ್ದಳು.

"ಮಕ್ಕಳಿಗೆ ಕಥೆ ಓದ್ಬೇಕಿತ್ತು. ಈಗ ಡಬ್ಬದ ಮೇಲಿನ ವಿಳಾಸ ಓದ್ತೀನಿ," ಅಂದಳು. "ಅದೂ ಓದೇ, ಅಲ್ವಾ?"

ಬ್ರಿಟ್ಟಾ ಪಕ್ಕದಲ್ಲಿ ಕೂತಳು.

"ನೀನು ಬರೆದದ್ದನ್ನ ಓದ್ದೆ. ಚೆನ್ನಾಗಿ ಬರ್ದಿದೀಯ. ಅದನ್ನ ಇದು ಏನು ಮಾಡ್ಕೊಂಡಿದೆ ಗೊತ್ತಾ?" ವರ್ನಾ ಫೋನು ತೆಗೆದಳು. ತೆಗೆದವಳು ತಡೆದುಕೊಂಡಳು. "ಬೇಡ ಬಿಡು. ನಿಂಗೆ ನೋವಾಗುತ್ತೆ."

"ಓದಿ."

ವರ್ನಾ ಕನ್ನಡಕ ಹಾಕಿಕೊಂಡು ತಾನೇ ಓದಿದಳು, ಯಂತ್ರಕ್ಕೆ ಓದಲು ಬಿಡಲಿಲ್ಲ. "ಸೋಬ್ಚಾಕ್ ಪಟ್ಟಿಯ ವಿವಾದವನ್ನು ಅಂಕಣಕಾರ ಈರೋ ಲಾಹ್ತಿ ಕಳೆದ ತಿಂಗಳು ಮತ್ತೆ ಎತ್ತಿದ್ದಾರೆ. ಒಂದು ವರ್ಷಕ್ಕೂ ಹೆಚ್ಚಿನ ಬಿಡುವಿನ ನಂತರ ಅವರು ಬರವಣಿಗೆಗೆ ಮರಳಿದ್ದಾರೆ. ಪತ್ನಿ ಬ್ರಿಟ್ಟಾ ಜೊತೆ ಸುಪೀರಿಯರ್ ಸರೋವರದ ದಡದಲ್ಲಿ ವಾಸಿಸುತ್ತಾರೆ."

ಓದಿ ಮುಗಿಸಿ ಬ್ರಿಟ್ಟಾಳ ಮುಖ ನೋಡಿದಳು. "ಸುಳ್ಳು ಅಂತ ಈ ಎಐ ಕಂಪನಿಯವರಿಗೆ ಬರೆದು ಹಾಕಮ್ಮ. ನಂದಂತೂ ಹೋಯ್ತು, ಇದನ್ನಾದ್ರೂ ತಿದ್ದಿಸು."

ಬ್ರಿಟ್ಟಾ ತಟ್ಟೆಯ ತಳದ ಚೀಟಿಯ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು.

"ಕೊನೇ ಸಾಲು," ಅಂದಳು. "ಇನ್ನೊಂದ್ಸಲ ಓದಿ."

ವರ್ನಾ ಅವಳನ್ನು ಸ್ವಲ್ಪ ಹೊತ್ತು ನೋಡಿ, ಮತ್ತೆ ಓದಿದಳು.