ಖೋ ಬೀಳುವ ಮುಂಚೆ

ಬೆನ್ನಿಗೆ ಯಾರದೋ ಅಂಗೈ ತಗುಲಿತು, ಅಷ್ಟೇ, ಗಂಗಾಲಕ್ಷ್ಮಿ ಸೀಟಿನಿಂದ ಅರ್ಧ ಎದ್ದೇಬಿಟ್ಟಳು – ಹಿಂದಿನ ಸೀಟಿನಲ್ಲಿ ನಿದ್ದೆ ಹೊಡೆಯುತ್ತಿದ್ದ ಯಜಮಾನರೊಬ್ಬರ ಕೈ ಕಂಬಿಯಿಂದ ಜಾರಿತ್ತು, ಅದು ಖೋ ಅಲ್ಲ, ಇದು ಮೈದಾನವೂ ಅಲ್ಲ, ಮಧುಗಿರಿಯಿಂದ ಪಾವಗಡಕ್ಕೆ ಹೊರಟ ಶನಿವಾರದ ಬಸ್ಸು, ಒಳಗೆಲ್ಲ ಶನಿಮಹಾತ್ಮನ ಗುಡಿಗೆ ಹೊರಟವರ ಎಳ್ಳೆಣ್ಣೆ ವಾಸನೆ, ಕೂತ್ಕೊಳವ್ವ ಇನ್ನೂ ಮಿಡಿಗೇಶಿನೇ ಬಂದಿಲ್ಲ ಎಂದಳು ಪಕ್ಕದ ಮುದುಕಿ, ಕೂತಳು, ಬಲ ಮಂಡಿಯನ್ನು ಎರಡೂ ಕೈಯಲ್ಲಿ ಹಿಡಿದು ಮೆತ್ತಗೆ ಮಡಚಿದಳು, ಕಟಕ್ ಅನ್ನಲಿಲ್ಲ, ಸದ್ಯ. ಒಂದು ವರ್ಷದಿಂದ ಕೂತರೂ ಎದ್ದರೂ ಮೊದಲು ಕಿವಿ ಕೊಡುವುದು ಮಂಡಿಗೆ, ಆಮೇಲೆ ಮಿಕ್ಕ ಲೋಕಕ್ಕೆ. ನಿಂಗೂ ಶನಿ ಕಾಟವೇನವ್ವ? ಇಲ್ಲಜ್ಜಿ, ಗೆಳತಿ ಮನೆಗೆ ಹೋಗ್ತಿದೀನಿ. ಮತ್ತೆ ಮಂಡಿ ಯಾಕಂಗೆ ಇಡ್ಕೊಂಡಿದೀಯ? ಆಪರೇಷನ್ ಆಗಿದೆ ಅಜ್ಜಿ, ಖೋ ಖೋ ಆಡೋವಾಗ ಬಿದ್ದೆ. ಅಯ್ಯೋ ಅದೇ ಶನಿ ಕಣವ್ವ, ಬರೋವಾಗ ತಲೆ ಮೇಲೆ ಬತ್ತಾನೆ, ಹೋಗೋವಾಗ ಮಂಡಿ ಮುರ್ದು ಹೋಯ್ತಾನೆ, ಹೋದ್ನಲ್ಲ ಅಂತ ಖುಷಿ ಪಡು – ಮುದುಕಿ ಬಾಟಲಿಯ ಮುಚ್ಚಳ ಬಿಚ್ಚಿ ಒಂದು ತೊಟ್ಟು ಎಣ್ಣೆಯನ್ನು ಚೂಡಿದಾರದ ಮೇಲೇ ಮಂಡಿಗೆ ಸವರಿಬಿಟ್ಟಳು, ಬೇಡ ಅನ್ನಲು ಬಾಯಿ ಬರಲಿಲ್ಲ, ಬೇಡ ಅನ್ನಲು, ಹೌದು ಅನ್ನಲು, ನಾನೇ ಅನ್ನಲು, ಯಾವುದಕ್ಕೂ ಬೇಕಾದ ಹೊತ್ತಿಗೆ ಬಾಯಿ ಬರುವುದಿಲ್ಲ ಇವಳಿಗೆ, ಹೋಗಲಿ, ಎಣ್ಣೆ ಕಲೆ ತೊಳೆದರೆ ಹೋಗುತ್ತದೆ, ಆ ಮಾತು ತೊಳೆದರೆ ಹೋಗುವಂಥದ್ದಲ್ಲ, ಅದನ್ನು ಈವತ್ತು ಹೇಳಲೇಬೇಕು, ಸಂಜೆಯೊಳಗೆ, ನಾಳೆ ಬೆಳಿಗ್ಗೆ ಸಿರಾದಲ್ಲಿ ಖೋ ಖೋ ತಂಡದ ಸೆಲೆಕ್ಷನ್.

ಸಹನಾ, ನಿಂಗೊಂದು ಮಾತು ಹೇಳ್ಬೇಕು – ಇದು ಮಧುಗಿರಿ ಬಸ್ ಸ್ಟ್ಯಾಂಡಿನಲ್ಲಿ ಬಾಯಿಪಾಠ ಮಾಡಿದ್ದು. ಸಹನಾ, ಬೇಜಾರು ಮಾಡ್ಕೊಬೇಡ – ಇದು ಊರ ಹೊರಗಿನ ಪೆಟ್ರೋಲ್ ಬಂಕ್ ದಾಟುವಾಗ ತಿದ್ದಿದ್ದು, ಬೇಜಾರು ಮಾಡ್ಕೊಬೇಡ ಅಂದರೆ ಮನುಷ್ಯರು ಮೊದಲು ಮಾಡುವುದೇ ಅದನ್ನು, ಅದು ಬೇಡ. ಅವತ್ತು ನಾನೇ ಮೊದಲು ಎದ್ದೆ – ಇಷ್ಟೇ ತಾನೆ, ನಾಲ್ಕು ಪದ, ನಾಲ್ಕು ಪದಕ್ಕೆ ಒಂದು ವರ್ಷ. ಚೌಕದಲ್ಲಿ ಕುಕ್ಕರುಗಾಲಲ್ಲಿ ಕೂತವಳು ಓಡಿಬರುವವಳು ಬೆನ್ನು ಮುಟ್ಟಿ ಖೋ ಅನ್ನುವ ತನಕ ಏಳುವಂತಿಲ್ಲ, ಎದ್ದರೆ ಫೌಲು, ಆಟದ ಮೊದಲನೇ ಪಾಠ, ಹೈಸ್ಕೂಲು ಹುಡುಗಿಯರಿಗೂ ಗೊತ್ತು. ಗೊತ್ತಿದ್ದೂ ಇವಳಿಗೆ ಸದಾ ಒಂದೇ ದಿಗಿಲು, ತಡವಾಗಿಬಿಟ್ಟರೆ? ಏಳು ಗಂಟೆಯ ಬಸ್ಸಿಗೆ ಆರೂವರೆಗೇ ಹೋಗಿ ನಿಲ್ಲುವವಳು, ಹಗಲೆಲ್ಲ ಆನ್‌ಲೈನ್ ಅರ್ಜಿ ತುಂಬುವ ಅಂಗಡಿಯಲ್ಲಿ ಕೂತು ಕಂಡವರ ಹೆಸರು, ಹುಟ್ಟಿದ ದಿನ, ಆಧಾರ್ ಸಂಖ್ಯೆ ಮೂರು ಸಲ ನೋಡದೆ ಸಬ್ಮಿಟ್ ಒತ್ತದವಳು, ಏನಮ್ಮ ನಮ್ಮಪ್ಪನ ಹೆಸ್ರು ಮೂರ್ ಸಲ ಓದಿದ್ರೆ ಬದಲಾಯ್ತದಾ ಎಂದು ಬೈಸಿಕೊಳ್ಳುವವಳು, ಸಂಜೆ ಕಾಲೇಜಿಗೆ ಬೆಲ್ಲಿಗೆ ಮುಂಚೆ ಹೋಗಿ ಮೊದಲ ಬೆಂಚು ಹಿಡಿಯುವವಳು – ಮೈದಾನದಲ್ಲಿ ಮಾತ್ರ ಅದೇ ದಿಗಿಲು ಕಾಲಿಗೆ ಇಳಿಯುತ್ತಿತ್ತು. ಹಿಂದೆ ಸಹನಾಳ ಹೆಜ್ಜೆ, ಧಪ್ ಧಪ್ ಧಪ್, ಬಂದಳು, ಇನ್ನೇನು ಬಂದಳು, ಎದುರಾಳಿ ಹುಡುಗಿ ಕೈಗೆ ಸಿಗುವಷ್ಟು ಹತ್ತಿರ, ಎದ್ದಳು, ತಿರುಗಿದಳು, ಮಂಡಿಯೊಳಗೆ ಹಸಿ ಕಡ್ಡಿ ಮುರಿದ ಸದ್ದು, ಆಮೇಲೆ, ಆಮೇಲೆಯೇ, ಬೆನ್ನ ಮೇಲೆ ಅಂಗೈ. ಮೊದಲು ಸದ್ದು, ಆಮೇಲೆ ಅಂಗೈ. ಯಾವ ದೇವರ ಮುಂದೆ ಬೇಕಾದರೂ ದೀಪ ಆರಿಸಿ ಆಣೆ ಮಾಡಿ ಹೇಳಬಲ್ಲಳು. ಸೀಟಿ ಊದಿದ್ದು ಫೌಲಿಗೆ, ಬಿದ್ದವಳಿಗಾಗಿ ಊದಿದರು ಎಂದುಕೊಂಡರು ಎಲ್ಲರೂ. ಎಲ್ಲರಿಗೂ ಕಂಡದ್ದು ಅಂಗೈ ಬಿದ್ದದ್ದು, ಗಂಗಾಲಕ್ಷ್ಮಿ ಬಿದ್ದದ್ದು. ಸಹನಾಳಿಗೂ ಅಷ್ಟೇ ಕಂಡಿತು. ಆಟೋದಲ್ಲಿ ಇವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಗೋಳೋ ಅಂತ ಅತ್ತಳು, ನಾನೇ ಕಣೇ, ಜೋರಾಗಿ ಹೊಡ್ದ್‌ಬುಟ್ಟೆ, ನನ್ ಕೈ ಸೇದೋಗ. ಆಗಲೇ ಹೇಳಬೇಕಿತ್ತು. ಆಗ ನೋವು. ನೋವು ಕಡಿಮೆಯಾದಾಗ ಇಂಜೆಕ್ಷನ್ನಿನ ಮಂಪರು. ಮಂಪರು ಹೋದಾಗ ನಾಚಿಕೆ. ನಾಚಿಕೆ ಹೋಗುವ ಹೊತ್ತಿಗೆ ಸಹನಾ ಬರೆದ ಕಾಲೇಜು ನೋಟ್ಸು ಬರಲು ಶುರುವಾಯಿತು, ಆಮೇಲೆ ಹೇಗೆ ಹೇಳುವುದು.

ಮಿಡಿಗೇಶಿ ಬಂತು, ಅರ್ಧ ಬಸ್ಸು ಇಳಿದು ಅದರ ಎರಡರಷ್ಟು ಹತ್ತಿತು, ಇವಳು ಮನೆ ಹಿಡಿದಿದ್ದ ದಿನಗಳಲ್ಲಿ ಪ್ರತಿ ಶುಕ್ರವಾರ ಇವಳ ಊರು ಚನ್ನರಾಯನದುರ್ಗದಲ್ಲಿಯೂ ಹೀಗೇ ಬಸ್ಸು ನಿಲ್ಲುತ್ತಿತ್ತು, ಕಂಡಕ್ಟರ್ ದಾಸಣ್ಣ ಫುಟ್‌ಬೋರ್ಡಿನಿಂದಲೇ ಅಜ್ಜಿಯನ್ನು ಕೂಗುತ್ತಿದ್ದ, ಕೆಂಪಕ್ಕ, ಮೊಮ್ಮಗಳ ಕಾಲೇಜು ಬಂತು ಇಸ್ಕೋ! ನೂರು ಪುಟದ ನೋಟ್‌ಬುಕ್ಕು, ರಬ್ಬರ್ ಬ್ಯಾಂಡು, ಸಹನಾಳ ಗುಂಡು ಅಕ್ಷರ. ಫೋಟೋ ಹೊಡೆದು ಕಳಿಸು ಸಾಕು ಅಂದರೂ ಕೇಳಲಿಲ್ಲ, ಹಗಲು ಬಟ್ಟೆ ಅಂಗಡಿಯಲ್ಲಿ ನಿಂತು, ಸಂಜೆ ಕ್ಲಾಸು ಕೇಳಿ, ಹಾಸ್ಟೆಲಿಗೆ ಹೋಗಿ ಇನ್ನೊಂದು ಪ್ರತಿ ಬರೆಯುತ್ತಿದ್ದಳು, ಅಂಚಿನಲ್ಲಿ ಕ್ಲಾಸಿನ ಸಮಾಚಾರವೂ ಸಮೇತ – ಇಲ್ಲಿ ಮೇಷ್ಟ್ರು ಕೆಮ್ಮಿದರು, ಇಲ್ಲಿ ಹಿಂದಿನ ಬೆಂಚಿನವರನ್ನು ಹೊರಗೆ ಹಾಕಿದರು, ಇಲ್ಲಿ ಕರೆಂಟು ಹೋಯಿತು, ಮುಂದಿನ ಎರಡು ಸಾಲು ನನ್ನ ಊಹೆ. ಇವಳೋ, ಊಹೆಯನ್ನೂ ಬಿಡದೆ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಬಂದಳು, ಇತಿಹಾಸದಲ್ಲಿ ಎಪ್ಪತ್ತೊಂದು, ಬರೆದುಕೊಟ್ಟವಳಿಗೆ ಅರವತ್ತನಾಲ್ಕು, ಆ ಏಳು ನಂಬರು ಗಂಟಲಲ್ಲಿ ಮೀನಿನ ಮುಳ್ಳು. ಆದರೂ ನಕ್ಕಿದ್ದೇನು ಕಡಿಮೆಯೇ ಆ ವರ್ಷ – ಆಪರೇಷನ್ ಆದ ಕಾಲಿಗೂ ಪಟ್ಟು ಹಾಕಲು ಅಜ್ಜಿ ಕೋಳಿಮೊಟ್ಟೆ ಕಲಸಿಕೊಂಡು ಬಂದಿದ್ದಳು, ಡಾಕ್ಟ್ರಿಗೆ ಹೇಳ್ಬ್ಯಾಡ ಕಣೆ, ಅವ್ರ ಹೊಲಿಗೆ ಅವ್ರಿಗೆ, ನಮ್ ಮೊಟ್ಟೆ ನಮ್ಗೆ, ಬೇಡವೆಂದರೆ ಬೇಡ ಎಂದು ಹಟ ಹಿಡಿದಾಗ ಅದನ್ನೇ ಆಮ್ಲೆಟ್ ಮಾಡಿ ತಿನ್ನಿಸಿದಳು, ಒಳಗಿಂದಾನಾದ್ರೂ ಅಂಟ್ಕಳ್ಳಿ. ಕಾಲಿಗೆ ಭಾರ ಕಟ್ಟಿ ಎತ್ತಿ ಎಂದು ಡಾಕ್ಟರು ಅಂದಿದ್ದಕ್ಕೆ ಎರಡು ಸೇರು ರಾಗಿ ಚೀಲ, ಅದನ್ನು ದುರ್ಗದ ಕೋತಿ ಹರಿದುಕೊಂಡು ಹೋದ ದಿನ ವ್ಯಾಯಾಮಕ್ಕೆ ರಜೆ. ಮಂಗಳವಾರ ಮಂಗಳವಾರ ಕೊರಟಗೆರೆ ಮೇಲೆ ತುಮಕೂರಿನ ಆಸ್ಪತ್ರೆಗೆ, ನಲವತ್ತೊಂದು ಸಲ, ಒಂದು ಮಂಡಿ ಮಡಚುವುದಕ್ಕೆ ನಲವತ್ತೊಂದು ಸಲ ಊರು ಬಿಡಬೇಕು ಎಂದು ಯಾರಿಗೆ ಗೊತ್ತಿತ್ತು, ಕಾಲೇಜಿನವರೆಲ್ಲ ಹಂಪಿಗೆ ಹೋದ ವಾರ ಇವಳು ಕಿಟಕಿಗೆ ಒರಗಿ ಮುಖ ಇಳಿಬಿಟ್ಟುಕೊಂಡಿದ್ದಾಗ ದಾಸಣ್ಣ ಹೇಳಿದ್ದ, ಅವ್ರು ಹಂಪಿ ನೋಡ್ಲಿ ಬುಡವ್ವ, ತುಮಕೂರು ರೋಡಲ್ಲಿ ಹಂಪ್ ಎಲ್ಲೆಲ್ಲವೆ ಅಂತ ನಿನ್ ಮಂಡಿಗೆ ಗೊತ್ತಲ್ಲ, ನಮ್ ಡ್ರೈವರ್‌ಗೇ ಗೊತ್ತಿಲ್ಲ. ತೊಂಬತ್ತು ಡಿಗ್ರಿ, ನೂರ ಹತ್ತು, ನೂರ ಮೂವತ್ತು, ಕೊನೆಗೆ ಕುಕ್ಕರುಗಾಲು, ಕೂರಬಹುದು, ಓಡುವುದು ಮಾತ್ರ ದೀಪಾವಳಿ ಕಳೆದ ಮೇಲೆ ಎಂದರು ಡಾಕ್ಟರು. ಎಲ್ಲ ಸರಿಹೋಯಿತು ಎಂದುಕೊಂಡಿದ್ದಳು, ಸಹನಾ ಆಟ ಬಿಟ್ಟದ್ದು ಓದಿಗೋಸ್ಕರ ಎಂದೇ ನಂಬಿದ್ದಳು, ಅಥವಾ ನಂಬುವುದು ಸುಲಭವಾಗಿತ್ತು, ಮೊನ್ನೆ ಗುರುವಾರ ಆಟದ ಮೇಷ್ಟ್ರು ಅಡವಯ್ಯ ಫೋನು ಮಾಡುವ ತನಕ. ನೀನಾದ್ರೂ ಹೇಳಮ್ಮ ಅವ್ಳಿಗೆ, ಇದೇ ಕಡೇ ವರ್ಷ, ಭಾನುವಾರ ಸಿರಾಕ್ಕೆ ಬಾ ಅಂದ್ರೆ ಬರಲ್ಲ ಅಂತಾಳೆ, ನನ್ ಕೈಯಿಂದ ಇನ್ನೊಬ್ರ ಮಂಡಿ ಹೋಗೋದು ಬ್ಯಾಡ ಸಾರ್ ಅಂತಾಳೆ. ಆಗಲೂ ಇವಳು ಅಂದದ್ದೇನು, ಆಯ್ತು ಸಾರ್ ಹೇಳ್ತೀನಿ. ಫೋನಿಟ್ಟ ಮೇಲೆ ಆ ದಿನ ಒಬ್ಬರ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗದಲ್ಲಿ ಸಹನಾ ಎಂದು ತುಂಬಿದ್ದಳು, ಮೂರನೇ ಸಲ ನೋಡಿದಾಗ ಕಂಡಿತು, ಪುಣ್ಯಕ್ಕೆ.

ಪಾವಗಡದ ಬೆಟ್ಟ ಕಂಡಿತು, ಕೋಟೆ ಕಂಡಿತು, ಮುದುಕಿ ಗುಡಿಯ ದಾರಿ ಹಿಡಿದಳು, ಹೋಗ್‌ಬಾ ಕಣವ್ವ ಶನಿ ಬುಟ್ಟೈತೆ ನಿನ್ನ, ಬಿಟ್ಟಿದೆಯೋ ಇಲ್ಲವೋ ಇನ್ನರ್ಧ ಗಂಟೆಯಲ್ಲಿ ಗೊತ್ತಾಗುತ್ತದೆ ಅಜ್ಜಿ. ಅರ್ಧ ಗಂಟೆ ಎಲ್ಲಿ, ಮೂರು ತಾಸಾಯಿತು. ಸಹನಾಳ ತಾಯಿ ಈಶ್ವರಮ್ಮ ಬಾಗಿಲಲ್ಲೇ ಹಿಡಿದರು, ಅರ್ಧ ತೆಲುಗು ಅರ್ಧ ಕನ್ನಡ, ರಾಮ್ಮಾ ರಾ, ಎಂತ ಚಿಕ್ಕಿಪೋಯಿದ್ದೀಯ, ನಿಮ್ಮಜ್ಜಿ ಊಟ ಹಾಕಲ್ವಾ ನಿಂಗೆ, ಮುದ್ದೆ, ಕಾಳಿನ ಸಾರು, ಇನ್ನೊಂದು ಮುದ್ದೆ, ತಿನಮ್ಮಾ ಮಂಡಿಗೆ ಬಲ ಬರುತ್ತೆ, ಹೊಟ್ಟೆ ತುಂಬಿದ ಮೇಲೆ ಮಾತು ಬರುತ್ತದೆ ಎಂದುಕೊಂಡಳು, ಹೊಟ್ಟೆ ತುಂಬಿದ ಮೇಲೆ ಬಂದದ್ದು ಆಕಳಿಕೆ. ಈಗ ಹಿತ್ತಿಲಿನಲ್ಲಿ ಮೂವರೂ ಬಿತ್ತನೆಗೆ ಕಡಲೇಕಾಯಿ ಸುಲಿಯುತ್ತಿದ್ದಾರೆ, ಬಿಸಿಲು ಓರೆಯಾಗಿದೆ, ಮೊರದಲ್ಲಿ ಕೆಂಪು ಬೀಜ, ಕಾಲ ಸುತ್ತ ಸಿಪ್ಪೆ, ಚಟ್, ಚಟ್, ಪ್ರತಿ ಕಾಯಿಯೂ ಮಂಡಿಯೊಳಗಿನ ಅದೇ ಸದ್ದು ಮಾಡುತ್ತದೆ, ಮೊದಲು ಸದ್ದು, ಆಮೇಲೆ ಅಂಗೈ, ಈ ಕಾಯಿ ಒಡೆದ ಮೇಲೆ ಹೇಳುತ್ತೇನೆ, ಇದಲ್ಲ ಮುಂದಿನದು, ಮೂರು ಬೀಜದ ಕಾಯಿ ಸಿಕ್ಕಿದರೆ ಹೇಳುತ್ತೇನೆ, ಸಿಕ್ಕಿತು, ಅವತ್ತು ನಾನೇ ಮೊದಲು ಎದ್ದೆ. ಯಾರು ಹೇಳಿದ್ದು? ತನ್ನದೇ ಬಾಯಿ. ಸಹನಾಳ ಬೆರಳಲ್ಲಿದ್ದ ಕಾಯಿ ಒಡೆಯಲಿಲ್ಲ. ಏನಂದೆ? ಮೈದಾನದಲ್ಲಿ ಕಣೇ, ನೀನು ಮುಟ್ಟೋಕೆ ಮುಂಚೆನೇ ನಾನು ಎದ್ದಿದ್ದೆ, ನಿನ್ ಕೈ ಬೀಳೋ ಹೊತ್ಗೆ ಮಂಡಿ ಹೋಗಿತ್ತು, ಆ ಸೀಟಿ ನಾನು ಮಾಡಿದ ಫೌಲಿಗೆ ಊದಿದ್ದು. ಒಂದು ಕೋಳಿ ಸಿಪ್ಪೆ ಕೆದಕಿಕೊಂಡು ಇಬ್ಬರ ನಡುವೆ ಹಾದುಹೋಯಿತು, ಅದರ ಪಾಡಿಗೆ ಅದು, ಎಷ್ಟು ನಿಧಾನ. ಒಂದ್ ವರ್ಷ ಕಣೇ – ಸಹನಾಳ ದನಿ ಎಲ್ಲಿಂದಲೋ ಬಂತು – ಒಂದ್ ವರ್ಷ ನಾನು ಅಂಗಡೀಲಿ ಗಿರಾಕಿ ಹೆಗಲ ಮೇಲೆ ಸೀರೆ ಹೊದ್ಸೋಕೂ ಹೆದ್ರಿದೀನಿ, ನೀನು ಗುಮ್ಮನ್ ಗುಸ್ಕಿ ಥರ ನನ್ ನೋಟ್ಸು ಓದ್ಕೊಂಡು ಕೂತಿದ್ದೆ! ಒಂದು ಬೊಗಸೆ ಸಿಪ್ಪೆ ಬಂದು ಮುಖಕ್ಕೆ ಬಿತ್ತು, ಇನ್ನೊಂದು, ಬೀಳಲಿ, ಕಣ್ಣು ಮುಚ್ಚಿ ಕೂತಳು, ಬಿದ್ದಷ್ಟೂ ಹಗುರ. ಏಮಾಯ್ತೇ ಎಂದು ಈಶ್ವರಮ್ಮ ಮೊರ ಎಳೆದುಕೊಂಡರು. ಇವ್ಳು ಫೌಲ್ ಮಾಡವ್ಳೆ ಅಮ್ಮಾ! ಎಪ್ಪುಡು? ಹೋದ್ ವರ್ಷ! ಅಯ್ಯೋ ಅದಕ್ಕಾ ಈಗ ಹೊಡೀತಿದೀಯ, ಬಿತ್ತನೆ ಕಾಯಿ ತುಳೀಬೇಡ್ರಿ ಇಬ್ರೂ. ಮೊದಲು ಯಾರು ನಕ್ಕರೋ ತಿಳಿಯಲಿಲ್ಲ, ನಗು ಅಳುವಾಗಿ ಮತ್ತೆ ನಗುವಾಗಿ, ಸಹನಾ ಮೂಗು ಒರೆಸಿಕೊಂಡು ಕೇಳಿದಳು, ಎಷ್ಟು ಮುಂಚೆ ಎದ್ದೆ? ಒಂದು ಹೆಜ್ಜೆ. ಥೂ ನಿನ್ನ, ಒಂದ್ ಹೆಜ್ಜೆ ತಾಳಕ್ಕಾಗ್ಲಿಲ್ವಾ. ನೋಟ್ಸು, ಅದು, ನೀನು ಅಷ್ಟೆಲ್ಲ ಬರೆದು – ನೋಟ್ಸು ನಿನ್ ಮಂಡಿಗೋಸ್ಕರ ಬರ್ದಿದ್ದಲ್ಲ ಹೋಗೇ, ಎರಡು ಸಲ ಬರೀದಿದ್ರೆ ನನ್ ತಲೆಗೆ ಏನೂ ಹತ್ತಲ್ಲ. ಇದು ನಿಜವೋ, ಇವಳ ಮುಖ ನೋಡಲಾರದೆ ಹೇಳಿದ್ದೋ, ತಿಳಿಯದು, ಇನ್ನು ಅದನ್ನು ಮೂರು ಸಲ ಯೋಚಿಸಬೇಕು, ಈಗ ಬೇಡ. ನಾಳೆ ಸಿರಾಕ್ಕೆ ಬರ್ತೀಯಲ್ಲ? ಸಹನಾ ತನ್ನ ಬಲಗೈ ಎತ್ತಿ, ಬೇರೆಯವರದೇನೋ ಎಂಬಂತೆ, ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡಳು. ಬರೋದು ಬಿಡೋದು ಆಮೇಲೆ, ಮೊದ್ಲು ಈ ಕೈ ಬೀಳುತ್ತಾ ನೋಡ್ಬೇಕು, ಆ ಕಡೆ ತಿರುಗಿ ಕೂತ್ಕೊ, ಏಳ್ಬೇಡ, ಏನಾದ್ರೂ ಏಳ್ಬೇಡ, ಬರೀ ಕೂತ್ಕೊ.

ಕೂತಳು, ಎಡಗಾಲು, ಬಲಗಾಲು, ಕುಕ್ಕರುಗಾಲು, ಮಂಡಿ ಕಟಕ್ ಅನ್ನಲಿಲ್ಲ, ಎದುರಿಗೆ ಹಿತ್ತಿಲ ಗೋಡೆ, ಗೋಡೆಯ ತನಕ ಹಾಸಿದ ಬಿಸಿಲು, ಬೆನ್ನ ಹಿಂದೆ ಹೆಜ್ಜೆ ದೂರ ಹೋಗುತ್ತಿದೆ, ಹಿಂದೆ ನೋಡುವಂತಿಲ್ಲ, ಬಾಗಿಲ ತನಕ ಹೋದಳೇ, ಒಳಗೇ ಹೊರಟುಹೋದಳೇ, ಹೋದರೆ ತಪ್ಪೇನು, ಒಂದು ವರ್ಷ ಕಾಯಿಸಿದವಳು ಒಂದು ಗಳಿಗೆ ಕಾದರೆ ಸತ್ತುಹೋಗುತ್ತಾಳೆಯೇ – ಬಂತು, ಸಿಪ್ಪೆಯ ಮೇಲೆ ಬರಿಗಾಲು, ಚಟ್ ಚಟ್ ಚಟ್, ಬಂದಳು, ಇನ್ನೇನು ಬಂದಳು, ತೊಡೆಗಳು ತಾವಾಗಿಯೇ ಬಿಗಿದವು, ಏಳು ಏಳು ತಡವಾಯಿತು ಏಳು ಎಂದು ಮೈಯೆಲ್ಲ ಕೂಗುತ್ತಿದೆ, ಏಳಲಾರೆ, ಏಳುವುದಿಲ್ಲ, ಎರಡೂ ಕೈಯನ್ನು ನೆಲಕ್ಕೆ ಒತ್ತಿ ಹಿಡಿದಳು, ಮಣ್ಣು ಬೆಚ್ಚಗಿದೆ, ಇನ್ನೊಂದು ಹೆಜ್ಜೆ, ಒಂದೇ ಹೆಜ್ಜೆ, ಹೆಜ್ಜೆ ನಿಂತಿತು. ಮುಂದೆ ನೆಲದ ಮೇಲೆ ತನ್ನ ನೆರಳು, ಅದರ ಹಿಂದಿನಿಂದ ಇನ್ನೊಂದು ನೆರಳು, ಅದರಲ್ಲಿ ಮೇಲೆತ್ತಿದ ಅಂಗೈ, ಐದು ಬೆರಳು ಬಿಡಿಬಿಡಿಯಾಗಿ, ಅಲ್ಲೇ ನಿಂತಿದೆ, ಬೀಳುತ್ತಿಲ್ಲ, ಬೀಳಲಿ, ಅಂಗೈ, ಬೀಳು ಮಾರಾಯ್ತಿ, ಅಂಗೈ, ಕಾಯುತ್ತೇನೆ, ದೀಪಾವಳಿ ತನಕ ಬೇಕಾದರೂ ಕಾಯುತ್ತೇನೆ, ನೆರಳಿನ ಬೆರಳುಗಳು ಒಂದಕ್ಕೊಂದು ಸೇರಿದವು – ಖೋ! – ಬೆನ್ನ ಮೇಲೆ ಅಂಗೈ, ಬಿಸಿ, ಐದೂ ಬೆರಳು.