ಬೆಸುಗೆಯ ಪಕ್ಕ

ಮೈದುನ ಏಣಿಯಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ. ಅಂಗಡಿಗಳ ಮೇಲೆ ಬೋರ್ಡು ಕಟ್ಟುವುದು ಅವನ ಕೆಲಸ. ಹತ್ತಿದ್ದು ಅವನಿಗೆ ನೆನಪಿದೆ, ಬಿದ್ದದ್ದು ಹೇಗೆ ಅಂತ ನೆನಪಿಲ್ಲ. ಅವನ ಹೆಂಡತಿ, ಅಂದರೆ ನನ್ನ ಓರಗಿತ್ತಿ, ಆಸ್ಪತ್ರೆಯ ಮಂಚದ ಪಕ್ಕ ಕೂತು ಬಂದವರೆದುರೆಲ್ಲ ಒಂದೇ ರಾಗ ಎಳೆಯುತ್ತಿದ್ದಳು: "ಮೇಲೆ ನಿಂತ್ಕೊಂಡು ಫೋನಲ್ಲಿ ಹರಟ್ತಾ ಇದ್ದಿರ್ಬೇಕು. ಕಾಲು ಜಾರಿದೆ. ಇವರು ಬಿದ್ದ ಏಟಿಗೆ ಏಣಿನೂ ಮುರೀತು." ಪಾಪ, ಅವಳ ಸಂಕಟ ಅವಳಿಗೆ. ಆದರೆ ಕೇಳಿ ಕೇಳಿ ಅವನೂ ಅದನ್ನೇ ನಂಬಿಬಿಟ್ಟ. "ಕೈಯಾರೆ ಎಲ್ಲರ ಬದುಕು ಹಾಳು ಮಾಡ್ಬಿಟ್ಟೆ ಅತ್ತಿಗೆ" ಎಂದು ಅತ್ತ. ಊಟ ಬಿಟ್ಟ. ಮಗಳು ಬಂದು ಕರೆದರೂ ಕಣ್ಣು ತೆರೆಯುತ್ತಿರಲಿಲ್ಲ.

ಆ ಏಣಿಯನ್ನು ಬೆಸೆದುಕೊಟ್ಟವರು ನನ್ನ ಗಂಡ. ಗೇಟು, ಗ್ರಿಲ್ಲು ಎಂದು ಜೀವಮಾನವಿಡೀ ಕಬ್ಬಿಣದ ಜೊತೆ ಗುದ್ದಾಡಿದವರು. ಅಲ್ಯೂಮಿನಿಯಂ ಬೆಸೆಯುವ ಮಿಷನ್ ತಂದದ್ದು ಈಚೆಗೆ. ಗಿರಾಕಿಗಳ ಕುರ್ಚಿ ಕಾಲೋ ಕಿಟಕಿ ಚೌಕಟ್ಟೋ ಬಂದರೆ ಒಂದು ಗೆರೆ ಬೆಸುಗೆ ಎಳೆದು "ತಗೊಂಡ್ಹೋಗಿ" ಎಂದುಬಿಡುತ್ತಿದ್ದರು. ತಮ್ಮನ ಅಲ್ಯೂಮಿನಿಯಂ ಏಣಿಯ ಕಾಲು ಬಿರುಕು ಬಿಟ್ಟಾಗ ಮಾತ್ರ ಹಾಗೆ ಮಾಡಲಿಲ್ಲ. ಬ್ರಶ್ಶಿನಿಂದ ಹೊಳೆಯುವಂತೆ ಉಜ್ಜಿದರು. ಬೆಸೆದರು. ಮನಸ್ಸು ತುಂಬಲಿಲ್ಲ, ಅದರ ಮೇಲೆ ಇನ್ನೊಮ್ಮೆ ಎಳೆದರು. ಕಬ್ಬಿಣದಲ್ಲಿ ತುಂಬಿದಷ್ಟೂ ಗಟ್ಟಿ ಎಂಬುದು ಇವರ ಲೆಕ್ಕ. ನಾನು ಟೀ ಹಿಡಿದು ನಿಂತಿದ್ದೆ. "ಸಾಕು ಮಾಡ್ರೀ, ಅದೇನು ಸೇತುವೆನಾ?" ಎಂದೆ. "ಮೇಲೆ ಹತ್ತೋನು ನನ್ನ ತಮ್ಮ ಕಣೇ" ಎಂದು ಕಣ್ಣು ಕಾಯುವ ಮುಖವಾಡ ಇಳಿಸಿಕೊಂಡು ಮತ್ತೂ ಒಮ್ಮೆ ಎಳೆದರು.

ಮುರಿದ ಏಣಿ ವರ್ಕ್‌ಶಾಪಿಗೆ ಬಂದಾಗ ಇವರು ಮೊದಲು ನೋಡಿದ್ದು ಬೆಸುಗೆಯನ್ನೇ. ಅದು ಹಾಗೇ ಇತ್ತು, ಕೂದಲೆಳೆಯಷ್ಟೂ ಬಿರುಕಿಲ್ಲ. ಏಣಿ ಮಡಚಿ ಹರಿದಿದ್ದು ಅದರ ಪಕ್ಕ, ಹೆಬ್ಬೆಟ್ಟಿನಗಲ ಆಚೆ. "ನೋಡು, ನನ್ನ ಬೆಸುಗೆ ಬಿಟ್ಟಿಲ್ಲ!" ಎಂದರು. ಆ ದನಿಯಲ್ಲಿದ್ದ ಸಮಾಧಾನ ಕೇಳಿ ನನಗೆ ಮೈಯೆಲ್ಲ ಉರಿಯಿತು.

"ಬೆಸುಗೆ ಕಟ್ಕೊಂಡು ಏನ್ರೀ ಮಾಡ್ತೀರಾ? ಏಣಿ ಮುರೀತಲ್ಲ! ಸರಿಯಾಗಿ ಅದರ ಪಕ್ಕದಲ್ಲೇ ಯಾಕೆ ಮುರೀಬೇಕಿತ್ತು?"

ಇವರು ಮುರಿದ ತುಂಡನ್ನು ಎತ್ತಿಕೊಂಡರು. ಅದನ್ನು ಮೇಜಿನ ವೈಸಿನಲ್ಲಿ ಬಿಗಿದು, ಗುರುತು ಹಾಕುವ ಉಕ್ಕಿನ ಮೊಳೆ ಇಟ್ಟು ಸುತ್ತಿಗೆಯಿಂದ ತಟ್ಟಿದರು. ದೂರದ ತುದಿಯಲ್ಲಿ ಸಾಸಿವೆಯಷ್ಟು ಗುರುತು ಬಿತ್ತು. ಅದೇ ಏಟು ಬೆಸುಗೆಯ ಪಕ್ಕ ಕೊಟ್ಟರೆ ಕಡಲೆಕಾಳು ಕೂರುವಷ್ಟು ತಗ್ಗು. ಮತ್ತೆ ತಟ್ಟಿದರು, ಮತ್ತೆ ಹಾಗೇ. ಆಮೇಲೆ, ಕೆಲಸ ಕಲಿಸಿದ ಮುದುಕ ಮೇಸ್ತ್ರಿಗೆ ಫೋನ್ ಹಚ್ಚಿದರು.

"ಏಣಿ ಅಲ್ಯೂಮಿನಿಯಂಗೆ ಫ್ಯಾಕ್ಟರಿಲೇ ಹದ ಕೊಟ್ಟಿರ್ತಾರೆ ಕಣಪ್ಪ" ಎಂದ ಮೇಸ್ತ್ರಿಯ ಮಾತು ನನಗೂ ಕೇಳಿಸಿತು. "ಅದರ ಗಟ್ಟಿತನ ಎಲ್ಲ ಆ ಹದದಲ್ಲೇ ಇರೋದು. ಬೆಸುಗೆ ಬಿಸಿ ತಾಗಿದ್ರೆ ಪಕ್ಕದ್ದೆಲ್ಲ ಹದ ಇಳಿದೋಗುತ್ತೆ. ಕಾಯಿಸಿದಷ್ಟೂ ಇನ್ನೂ ಅಗಲಕ್ಕೆ ಮೆತ್ತಗಾಗುತ್ತೆ. ಕಣ್ಣಿಗೆ ಕಾಣಲ್ಲ. ಏಣಿನ ಬೆಸೀಲೇಬಾರ್ದು. ನೀನು ಎಷ್ಟು ಸಲ ಎಳೆದೆ?"

ಇವರು ಫೋನ್ ಇಟ್ಟುಬಿಟ್ಟರು.

ಅಯ್ಯೋ ದೇವರೇ! ಯಾರೋ ದಾರಿಹೋಕನ ಏಣಿಯಾಗಿದ್ದರೆ ಒಂದು ಗೆರೆ ಎಳೆದು ಬಿಸಾಡುತ್ತಿದ್ದರು, ಇಷ್ಟೊಂದು ಕೆಡುತ್ತಿರಲಿಲ್ಲವೋ ಏನೋ. ಹಾಳಾದ ಅಕ್ಕರೆ ಅವನ ಬೆನ್ನನ್ನೇ ಮುರಿಯಿತು.

"ಅವನಿಗೆ ಹೇಳಿ" ಎಂದೆ.

"ಹೇಳಿದ್ರೆ ಕಾಲು ಬರುತ್ತಾ?"

"ಕಾಲು ಬರಲ್ಲ. ತುತ್ತು ಅನ್ನವಾದ್ರೂ ಒಳಗೆ ಹೋಗುತ್ತೆ. ತನ್ನದೇ ತಪ್ಪು ಅಂತ ಸಾಯ್ತಿದಾನೆ ರೀ ಅವನು!"

"ಗೊತ್ತಾದ್ರೆ ನನ್ನ ಮುಖ ನೋಡ್ತಾನೇನೇ?" ಎಂದರು. ಅಪ್ಪ ಹೋದ ಮೇಲೆ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವರು ಇವರೇ. ನನಗೆ ಅಯ್ಯೋ ಎನ್ನಿಸಿತು, ಸಿಟ್ಟೂ ಬಂತು.

ಮಾರನೆಯ ಮಧ್ಯಾಹ್ನ ಇವರನ್ನು ಆಸ್ಪತ್ರೆಗೆ ಹೊರಡಿಸಿಕೊಂಡು ಹೋದೆ. ಓರಗಿತ್ತಿ ಔಷಧಿ ತರಲು ಹೋಗಿದ್ದಳು. ಇವರು ಮಂಚದ ಅಂಚಿಗೆ ಕೂತು ತಮ್ಮನ ಕೈ ಹಿಡಿದುಕೊಂಡರು.

"ತಪ್ಪು ನಂದು ಕಣೋ. ಏಣಿನ ಜಾಸ್ತಿ ಕಾಯಿಸ್ಬಿಟ್ಟೆ. ನಿನ್ನ ಕಾಲು ಜಾರಲಿಲ್ಲ."

ಮೈದುನ ನಕ್ಕ. ಬಿದ್ದ ಮೇಲೆ ಅವನು ನಕ್ಕಿದ್ದು ಅದೇ ಮೊದಲು. "ಬಿಡಣ್ಣ. ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡ. ನಿನ್ನ ಕೈಕೆಲಸ ನನಗೆ ಗೊತ್ತಿಲ್ವಾ?"

ಇವರು ಇನ್ನೊಂದು ಮಾತು ಆಡಬಹುದಿತ್ತು. ಆಡಲಿಲ್ಲ. ತಲೆ ತಗ್ಗಿಸಿ, ಆ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದು ಕೂತುಬಿಟ್ಟರು.

"ಅತ್ತಿಗೆ, ನೀವೇ ಹೇಳಿ. ನಾನೇ ತಾನೆ ಜಾರಿದ್ದು?"

ನನ್ನ ಗಂಡ ತಲೆಯೆತ್ತಿ, ಬೇಡ ಎಂದು ಕಣ್ಣಲ್ಲೇ ಅಂಗಲಾಚಿದರು.

"ಇಲ್ಲಪ್ಪ" ಎಂದೆ. "ಮೊದಲು ಏಣಿ ಮುರೀತು, ಆಮೇಲೆ ನೀನು ಬಿದ್ದೆ. ಬೆಸುಗೆ ಪಕ್ಕ ಎಲ್ಲ ಮೆತ್ತಗಾಗಿತ್ತು. ತಟ್ಟಿದಾಗ ನಾನೇ ಕಣ್ಣಾರೆ ನೋಡ್ದೆ. ಹಾಗೆ ಮಾಡಿದ್ದು ನಿಮ್ಮಣ್ಣನೇ. ನಿನ್ನದು ಏನೇನೂ ತಪ್ಪಿಲ್ಲ."

ಅವನು ಅಣ್ಣನ ಮುಖವನ್ನೇ ನೋಡಿದ. ಅಣ್ಣ ಇಲ್ಲ ಎನ್ನಲಿಲ್ಲ. ಮೈದುನನ ತುಟಿಯಲ್ಲಿ ಉಳಿದಿದ್ದ ನಗು ನಿಧಾನಕ್ಕೆ ಆರಿಹೋಯಿತು.

"ಹಸಿವಾಗ್ತಿದೆ ಅತ್ತಿಗೆ" ಎಂದ. ಹಾಗೆನ್ನುತ್ತ ಅಣ್ಣನ ಹಿಡಿತದಿಂದ ಕೈ ಬಿಡಿಸಿಕೊಂಡ.